ಇಬ್ಬರು ಹಿಡಿಯುವ ಬುಟ್ಟಿ

ಬೆಳೆಹಬ್ಬದ ದಿನ ಆ ಊರಿನ ಚರ್ಚಿನೊಳಗೆ ಎಲ್ಲಕ್ಕಿಂತ ಮೊದಲು ಹೋಗುವುದು ಇಸಾಕಪ್ಪನ ಮನೆಯ ಬುಟ್ಟಿ. ಅದರಲ್ಲಿ ಆ ವರ್ಷದ ಮೆಣಸಿನಕಾಯಿ, ಒಂದಿಷ್ಟು ಕಡಲೆ, ಮೇಲೆ ಬಾಯಿಬಿಟ್ಟ ನಾಲ್ಕು ಹತ್ತಿಕಾಯಿ ಇರುತ್ತವೆ. ಭಾರವೇನಿಲ್ಲ, ಒಬ್ಬ ಹೆಣ್ಣುಮಗಳು ತಲೆಯ ಮೇಲೆ ಹೊತ್ತು ಒಯ್ಯಬಹುದು. ಆದರೆ ಅದನ್ನು ಇಬ್ಬರು ಹಿಡಿಯುತ್ತಾರೆ. ಒಂದು ಹಿಡಿಕೆ ಇಸಾಕಪ್ಪನ ಕೈಯಲ್ಲಿ, ಇನ್ನೊಂದು ತಿಮೋತಿಯ ಕೈಯಲ್ಲಿ. ಐದು ವರ್ಷದ ಹಿಂದೆ ತಿಮೋತಿ ಓಡಿಸುತ್ತಿದ್ದ ಟ್ರ್ಯಾಕ್ಟರಿನ ಟ್ರಾಲಿ ಹಳ್ಳದ ಸೇತುವೆಯ ಹತ್ತಿರ ಕಳಚಿ ಮಗುಚಿಬಿದ್ದು, ಇಸಾಕಪ್ಪನ ಒಬ್ಬಳೇ ಮಗಳು ರಾಹೇಲ ಸತ್ತಳು.

ಟ್ರಾಲಿಯನ್ನು ಟ್ರ್ಯಾಕ್ಟರಿಗೆ ಸಿಕ್ಕಿಸುವ ಪಿನ್ನು ಸವೆದದ್ದು ತಿಮೋತಿಗೆ ಗೊತ್ತಿತ್ತು. ಹೊಸದು ತರುವ ಬದಲು ಒಂದು ಕಬ್ಬಿಣದ ಸರಳು ತುರುಕಿ ಕೆಲಸ ಸಾಗಿಸಿದ್ದ. ಅದನ್ನು ಅವನು ಪೊಲೀಸರ ಮುಂದೆಯೂ ಕೋರ್ಟಿನಲ್ಲೂ ಒಪ್ಪಿಕೊಂಡ; ದಂಡ ಹಾಕಿ ಬಿಟ್ಟರು. ಅದಕ್ಕೂ ಮೊದಲೇ, ಮಣ್ಣು ಕೊಟ್ಟ ಮೂರನೆಯ ದಿನ ಸಭೆಯವರೆಲ್ಲ ಸಮಾಧಿಯ ಸುತ್ತ ಪ್ರಾರ್ಥನೆಗೆ ನಿಂತಿದ್ದಾಗ, ಹಿಂದೆ ಜಾಲಿಬೇಲಿಗೆ ಆತು ನಿಂತಿದ್ದ ಅವನನ್ನು ಇಸಾಕಪ್ಪ ಕೈಹಿಡಿದು ಮುಂದೆ ತಂದಿದ್ದ. "ಇವನ್ನ ನಾ ಕ್ಷಮಿಸೀನಿ. ಇನ್ನ ಮ್ಯಾಲೆ ಯಾರೂ ಇವಗ ಏನೂ ಅನ್ನಬಾರದು" ಎಂದಿದ್ದ. ಹೆಂಗಸರು ಗೊಳೋ ಎಂದು ಅತ್ತರು. ಪಾಸ್ಟರ ಅಯ್ಯನವರಿಗೂ ಪ್ರಾರ್ಥನೆ ಮುಂದುವರಿಸಲು ಆಗಲಿಲ್ಲ. ಸಂಜೆಗೆ ಬಸವಣ್ಣನ ಗುಡಿಯ ಕಟ್ಟೆಯ ಮೇಲೆ ಕುಳಿತವರೂ, ಇಂಥ ಮನಸ್ಸು ಯಾರಿಗಿರತೈತಿ ಎಂದು ಮಾತಾಡಿಕೊಂಡರು.

ಆ ವರ್ಷದ ಬೆಳೆಹಬ್ಬಕ್ಕೆ ಇಬ್ಬರೂ ಕೂಡಿ ಬುಟ್ಟಿ ತರಲಿ ಎಂದು ಸೂಚಿಸಿದವರು ಅಯ್ಯನವರು. ಮರುವರ್ಷ ಯಾರೂ ಸೂಚಿಸಬೇಕಾಗಲಿಲ್ಲ. ಕುಂದಗೋಳಕ್ಕೂ ಗುಡಗೇರಿಗೂ ನಡುವೆ ಇರುವ ಆ ಊರಿನಲ್ಲಿ ಕ್ರೈಸ್ತರ ಮನೆ ಮೂವತ್ತರ ಮೇಲಿಲ್ಲ. ಒಂದು ಸಲ ಮಾಡಿದ್ದು ಅಲ್ಲಿ ಬೇಗ ಪದ್ಧತಿಯಾಗುತ್ತದೆ. ಈಗ ಸಣ್ಣ ಮಕ್ಕಳು ಹಬ್ಬದ ಆಟ ಆಡುವಾಗಲೂ ಬುಟ್ಟಿಯನ್ನು ಇಬ್ಬರು ಹಿಡಿಯುತ್ತಾರೆ. ಯಾಕೆ ಎಂದು ಅವರಿಗೆ ಗೊತ್ತಿಲ್ಲ.

ಬುಟ್ಟಿ ಇಳಿಸಿದ ಮೇಲೆ ಇಸಾಕಪ್ಪ ಸಭೆಯ ಮುಂದೆ ಸಾಕ್ಷಿ ಹೇಳುತ್ತಾನೆ, ದೇವರು ತನಗೆ ಕ್ಷಮಿಸುವ ಮನಸ್ಸು ಕೊಟ್ಟ ಕತೆಯನ್ನು. ಐದು ವರ್ಷದಲ್ಲಿ ಆ ಸಾಕ್ಷಿಗೆ ಒಂದು ನಡಿಗೆ ಬಂದಿದೆ: ಎಲ್ಲಿ ದನಿ ಇಳಿಯಬೇಕು, ಎಲ್ಲಿ ನಿಲ್ಲಬೇಕು, ಯಾವ ಮಾತಿಗೆ ತಿಮೋತಿಯ ಹೆಗಲ ಮೇಲೆ ಕೈ ಇಡಬೇಕು ಎಂಬುದೆಲ್ಲ ಕೂತುಬಿಟ್ಟಿದೆ. ಅಣ್ಣಿಗೇರಿಯ ಸಭೆಯವರು ಕರೆಸಿದರು, ಗದಗಿನ ಕಡೆಯವರು ಕರೆಸಿದರು. ಇಸಾಕಪ್ಪ ಬೈಕಿನ ಹಿಂದೆ ತಿಮೋತಿಯನ್ನು ಕೂಡಿಸಿಕೊಂಡು ಹೋಗುತ್ತಾನೆ. ಆ ದಿನದಿಂದ ತಿಮೋತಿ ಯಾವ ಗಾಡಿಯನ್ನೂ ಓಡಿಸಿಲ್ಲ. ಸಭೆಯ ಮುಂದೆ ಅವನು ಮಾತಾಡಬೇಕಾಗಿಲ್ಲ, ಬಿಳಿ ಅಂಗಿ ಹಾಕಿಕೊಂಡು ಬಾಜೂಕೆ ನಿಂತರೆ ಸಾಕು. ಉಳಿದ ದಿನಗಳಲ್ಲಿ ಇಸಾಕಪ್ಪನ ಹೊಲದಲ್ಲಿ ದುಡಿಯುತ್ತಾನೆ, ಅವನ ಮನೆಯಲ್ಲೇ ಉಣ್ಣುತ್ತಾನೆ. ಇಸಾಕಪ್ಪ ಅವನಿಗೆ ಏನೂ ಕಡಿಮೆ ಮಾಡಿಲ್ಲ. ಜ್ವರ ಬಂದಾಗ ತಾನೇ ದವಾಖಾನೆಗೆ ಒಯ್ದಿದ್ದಾನೆ.

ಇದೆಲ್ಲದರಲ್ಲಿ ಮಾತಾಡದೆ ಉಳಿದವಳು ರಾಹೇಲಳ ತಾಯಿ ದೇವಕ್ಕ.

ಸಮಾಧಿಯ ಹತ್ತಿರ ಗಂಡ ಆ ಮಾತು ಆಡಿದಾಗ ಅವಳು ನೆಲ ನೋಡುತ್ತ ನಿಂತಿದ್ದಳು. ಆಮೇಲೆ ಯಾರೂ ಅವಳನ್ನು ಬೇರೆಯಾಗಿ ಕೇಳಲಿಲ್ಲ. ಯಜಮಾನ ಕ್ಷಮಿಸಿದರೆ ಮನೆಯೇ ಕ್ಷಮಿಸಿದಂತೆ. ಅವಳಿಗೆ ಕೇಳಬೇಕಾದ ಒಂದೆರಡು ಮಾತು ಇದ್ದವು. ಮೂರನೆಯ ದಿನವೇ ಎಲ್ಲ ಮುಗಿದುಹೋದ ಮೇಲೆ ಕೇಳುವುದು ಸಲ್ಲದು ಎನ್ನಿಸಿ ಒಳಗೇ ಇಟ್ಟುಕೊಂಡಳು. ಪ್ರತಿ ಭಾನುವಾರ, ಕರ್ತನು ಕಲಿಸಿದ ಪ್ರಾರ್ಥನೆಯನ್ನು ಎಲ್ಲರೂ ಕೂಡಿ ಹೇಳುವಾಗ, 'ನಮಗೆ ತಪ್ಪು ಮಾಡಿದವರನ್ನು ನಾವು ಕ್ಷಮಿಸಿದಂತೆ ನಮ್ಮ ತಪ್ಪುಗಳನ್ನು ಕ್ಷಮಿಸು' ಎಂಬ ಕ್ಷಮೆಯ ಸಾಲು ಬಂದ ಕೂಡಲೆ ಅವಳ ಬಾಯಿ ಮುಚ್ಚುತ್ತಿತ್ತು. ಮುಂದಿನ ಸಾಲಿಗೆ ಮತ್ತೆ ಸೇರಿಕೊಳ್ಳುತ್ತಿದ್ದಳು. ಆ ಸಾಲಿನಲ್ಲೇ ಇಸಾಕಪ್ಪನ ದನಿ ಎಲ್ಲರಿಗಿಂತ ಎತ್ತರ ಇರುತ್ತಿತ್ತಾದ್ದರಿಂದ ಅವಳ ಮೌನ ಯಾರಿಗೂ ಕೇಳಿಸಿಲ್ಲ ಎಂದುಕೊಂಡಿದ್ದಳು.

*

ಈ ವರ್ಷ ಹಬ್ಬದ ಹಿಂದಿನ ದಿನ, ಶನಿವಾರ ಮುಂಜಾನೆ, ದೇವಕ್ಕ ಅಂಗಳದಲ್ಲಿ ಮೆಣಸಿನಕಾಯಿ ಆರಿಸುತ್ತ ಕುಳಿತಿದ್ದಳು. ಬಿಸಿಲಿಗೆ ಹರವಿದ ಕಾಯಿ ಅಂಗಳದ ತುಂಬ ಕೆಂಪಗೆ ಬಿದ್ದಿತ್ತು. ಬೆಳ್ಳಗಾದದ್ದನ್ನು ಬೇರೆ ತೆಗೆದು ಒಳ್ಳೆಯದನ್ನು ಚೀಲಕ್ಕೆ ಹಾಕಬೇಕು. ಜೊತೆಗೆ ಆಚೆ ಓಣಿಯ ಶರೀಫಾಬಿ ಬಂದಿದ್ದಳು. ಇಸಾಕಪ್ಪ ಹೊರಸಿನ ಮೇಲೆ ಕುಳಿತು ಹಬ್ಬದ ಬುಟ್ಟಿಯ ಹಿಡಿಕೆಗಳಿಗೆ ಹೊಸ ಹುರಿ ಸುತ್ತುತ್ತಿದ್ದ. ತಿಮೋತಿ ಬಂದು ಅವನ ಮುಂದೆ ನಿಂತ. ಚರ್ಚಿಗೆ ಸುಣ್ಣ ಹಚ್ಚಿ ಬಂದಿದ್ದರಿಂದ ಮೊಣಕೈವರೆಗೆ ಬೆಳ್ಳಗಾಗಿದ್ದ.

"ಕಾಕಾ, ಮಾಂವ ಫೋನ್ ಮಾಡಿದ್ದರಿ."

"ಯಾವ ಮಾಂವ?"

"ಅಳ್ನಾವರದಾಂವ. ಬೇಕರ‍್ಯಾಗ ಭಟ್ಟಿ ನೋಡಾಂವ ಕೆಲಸ ಬಿಟ್ಟು ಗೋವಾಕ್ಕ ಹೋದನಂತ. ಮಾಂವ ಆ ಕೆಲಸಕ್ಕ ನಾಳೆನ ಹೊಂಟ ಬಾ ಅಂದಾನ. ಅವ್ವನೂ ಅಲ್ಲೆ ಅದಾಳಲ್ರಿ, ಆಕಿಗೂ ಹುಷಾರಿಲ್ಲಂತ."

"ನಾಳೆ ಬೆಳಿಹಬ್ಬ ಐತಿ."

"ಹೌದ್ರಿ."

"ಹಬ್ಬದ ದಿನ ನೀ ಹೊಂಟ್ರ ಮಂದಿ ಏನಂದಾರು?"

"ಹಂಗಾರ ಸೋಮವಾರ ಹೋಗ್ಲೇನ್ರಿ?"

"ಸೋಮವಾರ ಮೆಣಸಿನಕಾಯಿ ಬ್ಯಾಡಗಿ ಪ್ಯಾಟಿಗೆ ಹೋಗಬೇಕು, ಚೀಲ ಏರಸಾವ್ರು ಯಾರು? ಆಮ್ಯಾಲೆ ನವಲಗುಂದದ ಕೂಟ. ನಮ್ಮಿಬ್ಬರ ಹೆಸರು ಪ್ರಿಂಟ್ ಮಾಡಿಸ್ಯಾರ. ಈಸ್ಟರ್ ಆಗಲಿ, ನೋಡೂಣು." ಇಸಾಕಪ್ಪ ಹುರಿಯ ತುದಿಯನ್ನು ಹಲ್ಲಿನಿಂದ ಎಳೆದು ಬಿಗಿ ಮಾಡಿದ. "ಅಲ್ಲೆ ನಿನ್ನ ಗುರುತು ಯಾರಿಗೈತಿ, ತಿಮ್ಯಾ? ಇಲ್ಲಿ ಮಂದಿ ಎಲ್ಲಾ ತಿಳದೂ ನಿನ್ನ ಒಪ್ಪಿಕೊಂಡಾರ. ಅಲ್ಲೆ ಯಾರಿಗೆ ಏನಂತ ಹೇಳತಿ?"

ತಿಮೋತಿ ಮೊಣಕೈಯ ಸುಣ್ಣ ಉಜ್ಜಿಕೊಂಡ. ಮೆಣಸಿನಕಾಯಿಯ ರಾಶಿಯ ಹಿಂದಿನಿಂದ ಶರೀಫಾಬಿ, "ಅಣ್ಣಾರ, ಹೋದ ವರ್ಷ ಆ ಮಾಂವ ಕರದಾಗೂ ಈಸ್ಟರ್ ಆಗ್ಲಿ ಅಂದಿದ್ರಿ. ನಿಮ್ಮ ಈಸ್ಟರ್ ಆಗೂದು ಯಾವಾಗರಿ?" ಎಂದಳು.

"ಏ ಶರೀಫಾಬಿ, ನೀ ಕಾಯಿ ನೋಡವಾ. ಬಿಳೇದು ಒಳ್ಳೇದರಾಗ ಬೀಳಾಕತ್ತೈತಿ."

"ನನ್ನ ಕಣ್ಣು ಭಾಳ ಚಲೋ ಅದಾವ್ರಿ. ಬಿಳೇದು ಎಲ್ಲೈತಿ, ಕೆಂಪಂದು ಎಲ್ಲೈತಿ, ಎಲ್ಲಾ ಕಾಣತೈತಿ."

ಇಸಾಕಪ್ಪ ನಕ್ಕುಬಿಟ್ಟ. ಎದ್ದು ನಿಂತು ತಿಮೋತಿಯ ಹೆಗಲು ತಟ್ಟಿ, "ನಿನ್ನ ಬಿಳಿ ಅಂಗಿ ಇಸ್ತ್ರಿ ಮಾಡಿಸೀನಿ. ಗ್ವಾಡಿಗೆ ಹಾಕೇತಿ ನೋಡು" ಎಂದು ಹೇಳಿ, ಮೈಕ್ ಸೆಟ್ ತರಲು ಬೈಕ್ ಹತ್ತಿ ಕುಂದಗೋಳಕ್ಕೆ ಹೋದ.

ತಿಮೋತಿ ಅಂಗಳದ ಆಚೆ ತುದಿಗೆ ಹೋಗಿ ಹರವಿದ ಕಾಯಿಯನ್ನು ಕಾಲಿನಿಂದ ತಿರುವಿಹಾಕತೊಡಗಿದ. ಶರೀಫಾಬಿ ಹತ್ತಿಪ್ಪತ್ತು ಕಾಯಿ ಆರಿಸಿದಳು. ಸುಮ್ಮನಿರುವುದು ಅವಳಿಗೆ ಒಗ್ಗುವುದಿಲ್ಲ.

"ಅಕ್ಕಾ, ಒಂದು ಮಾತು ಕೇಳಲಿ? ಸಿಟ್ಟಾಗಬ್ಯಾಡ ಮತ್ತ."

"ಕೇಳು."

"ನಿಮ್ಮ ಯಜಮಾನ್ರು ಈ ಹುಡುಗನ್ನ ಬಿಟ್ಟಾರೋ, ಹಿಡದಾರೋ?"

"ಕ್ಷಮಿಸ್ಯಾರ."

"ಅದು ನನಗೂ ಗೊತ್ತೈತಿ. ಮೈಕಿನ್ಯಾಗ ಹೇಳ್ಯಾರ, ಊರಿಗೇ ಗೊತ್ತೈತಿ. ನಾ ಕೇಳಿದ್ದು ಬಿಟ್ಟಾರೋ ಅಂತ. ನನ್ನ ಗಂಡ ನಿಜಾಮಸಾಬನ್ನ ನೋಡು, ನಂದೇನರ ತಪ್ಪಾದ್ರ ಮೊದ್ಲ ಬೈತಾನ. ಆಮ್ಯಾಲೆ ಹೋಗ್ಲಿ, ಮಾಫ್ ಮಾಡೀನಿ ಅಂತಾನ. ಮಾಫ್ ಮಾಡಿದ್ದನ್ನ ದಿನಾ ನೆನಪು ಮಾಡ್ತಾನ. ಅದಕ್ಕಿಂತ ಬೈಗುಳಾನ ಚಲೋ, ಅವು ಒಮ್ಮೆ ಬಿದ್ದು ಮುಗದ ಹೋಗ್ತಾವ."

ದೇವಕ್ಕ ನಗಲಿಲ್ಲ. ಶರೀಫಾಬಿ ಸೆರಗಿನ ಮೆಣಸಿನ ಬೀಜ ಕೊಡವಿಕೊಂಡು, "ನಾ ಉಂಡು ಬರತೀನಿ" ಎಂದು ಎದ್ದು ಹೋದಳು.

*

ಬಹಳ ಹಿಂದೆ, ರಾಹೇಲ ಇನ್ನೂ ಚಿಕ್ಕವಳಿದ್ದಾಗ, ಒಬ್ಬ ಹಳೆಯ ಅಯ್ಯನವರು ಒಂದು ಉಪದೇಶ ಮಾಡಿದ್ದರು. ದೇವರು ಕ್ಷಮಿಸಿದ ಪಾಪವನ್ನು ಸಮುದ್ರದ ತಳಕ್ಕೆ ಎಸೆದುಬಿಡುತ್ತಾನೆ, ತಾನೂ ಮತ್ತೆ ಅದರ ಕಡೆ ನೋಡುವುದಿಲ್ಲ ಎಂದಿದ್ದರು. ದೇವಕ್ಕ ಸಮುದ್ರ ನೋಡಿರಲಿಲ್ಲ. ಅವಳ ಕಣ್ಣಿಗೆ ಬಂದದ್ದು ತವರುಮನೆಯ ಬಾವಿ. ಅದರಲ್ಲಿ ಕೊಡ ಬಿದ್ದರೆ ಹಗ್ಗಕ್ಕೆ ಪಾತಾಳಗರಡಿ ಕಟ್ಟಿ ಬಿಡುತ್ತಿದ್ದರು; ಆ ಕಬ್ಬಿಣದ ಕೊಕ್ಕೆಗಳು ತಳವನ್ನೆಲ್ಲ ಕೆದರಿ, ಕೊಡವಷ್ಟೇ ಅಲ್ಲ, ಯಾವಾಗಲೋ ಬಿದ್ದು ಎಲ್ಲರೂ ಮರೆತಿದ್ದ ತಂಬಿಗೆ, ಬಕೀಟು, ಕೆಸರು ಎಲ್ಲವನ್ನೂ ಮೇಲೆ ತರುತ್ತಿದ್ದವು. ಈಗ ಮೆಣಸಿನಕಾಯಿಯ ಮುಂದೆ ಒಬ್ಬಳೇ ಕುಳಿತಾಗ ಅವಳಿಗೆ ಅದು ನೆನಪಾಯಿತು. ದೇವರು ತಳಕ್ಕೆ ಹಾಕಿದ್ದನ್ನು ತಾವು ವರ್ಷಕ್ಕೊಮ್ಮೆ ಪಾತಾಳಗರಡಿ ಬಿಟ್ಟು ಮೇಲೆ ಎಳೆಯುತ್ತೇವೆ, ಒರೆಸುತ್ತೇವೆ, ಬುಟ್ಟಿಯಲ್ಲಿ ಇಟ್ಟು ಚರ್ಚಿಗೆ ಒಯ್ಯುತ್ತೇವೆ. ಗಂಡ ಮಾತಿನಿಂದ ಎಳೆಯುತ್ತಾನೆ. ತಾನು? ತಾನು ಹಗ್ಗದ ಇನ್ನೊಂದು ತುದಿ ಹಿಡಿದು ಸುಮ್ಮನೆ ನಿಂತಿದ್ದೇನೆ.

ಕ್ಷಮಿಸದವಳು ತಾನೊಬ್ಬಳೇ ಎಂದು ಅವಳು ಇಷ್ಟು ದಿನ ತಿಳಿದಿದ್ದಳು. ದೇವರ ಮುಂದೆ ಅದೊಂದು ನಾಚಿಕೆಯಾಗಿ ಉಳಿದಿತ್ತು. ಈಗ ನೋಡಿದರೆ, ಈ ಮನೆಯಲ್ಲಿ ಆ ಹುಡುಗನಿಂದ ಇನ್ನೂ ಏನನ್ನೂ ಕೇಳದೆ ಇದ್ದವಳೂ ತಾನೊಬ್ಬಳೇ.

"ತಿಮ್ಯಾ," ಎಂದು ಕರೆದಳು. "ಬಾ ಇಲ್ಲೆ. ಕೂಡು. ಆ ಬಿಳೇವು ಆರಿಸು."

ಅವನು ಬಂದು ಶರೀಫಾಬಿ ಕುಳಿತ ಗೋಣಿತಟ್ಟಿನ ಮೇಲೆ ಕುಳಿತ. ಸ್ವಲ್ಪ ಹೊತ್ತು ಇಬ್ಬರೂ ಕಾಯಿ ಆರಿಸಿದರು.

"ಆ ದಿನ ಆಕಿ ಏನರ ಅಂದಳೇನೋ?"

ತಿಮೋತಿಯ ಕೈ ನಿಂತಿತು. "ಯಾರ‍್ರೀ ಚಿಗವ್ವ?" ಎಂದ. ಯಾರೆಂದು ಅವನಿಗೆ ಗೊತ್ತಿತ್ತು.

"ನೀವು ಕೇಳತೀರಂತ ಮೊದ್ಲ ಭಾಳ ದಿನ ಕಾದಿದ್ದೆರಿ," ಎಂದ ಅವನು. "ಆಮ್ಯಾಲೆ ಕೇಳೂದಿಲ್ಲಂತ ತಿಳಕೊಂಡೆ."

"ಈಗ ಕೇಳಾಕತ್ತೀನಿ."

"ಟ್ರಾಲಿ ಬಿತ್ತಲ್ರಿ, ಆಕಿ ಹತ್ತಿ ತುಂಬಿದ ಅಂಡಿಗಿ ಚೀಲದ ಮ್ಯಾಲೆ ಕುಂತಾಕಿ ಹಳ್ಳದ ದಂಡಿಗೆ ಹೋಗಿ ಬಿದ್ಲು. ನಾ ಓಡಿ ಹೋದೆ. ರಕ್ತಾ ಏನೂ ಇರಲಿಲ್ಲರಿ. ಎಲ್ಲಿ ಬಡೀತು ಅಂದೆ. ಎಲ್ಲೂ ಇಲ್ಲ ಅಂದ್ಲು. ನನಗ ಬೈದ್ಲು."

"ಏನಂತ?"

"ಲೇ ತಿಮ್ಯಾ, ನೀ ಎತ್ತು ಹೊಡಿಯಾಕೂ ಲಾಯಕ್ಕಿಲ್ಲ ಅಂತ." ಅವನ ಮುಖದಲ್ಲಿ ನಗೆಯಂಥದ್ದೇನೋ ಬಂದು ಹೋಯಿತು. "ಆಮ್ಯಾಲೆ ಕಾಲು ನೋಡಿಕೊಂಡ್ಲು. ಒಂದು ಕಾಲಾಗ ಚಪ್ಪಲ್ ಇರಲಿಲ್ಲರಿ. ಚಪ್ಪಲ್ ಎಲ್ಲೆ ಹೋತು ನೋಡು, ಕ್ರಿಸ್‌ಮಸ್ಸಿಗೆ ಕೊಡಿಸಿದ್ದು, ಅವ್ವ ಬೈತಾಳ ಅಂದ್ಲು."

ದೇವಕ್ಕ ಒಂದು ಕಾಯಿಯನ್ನು ಕೈಯಲ್ಲಿ ಹಿಡಿದು ತಿರುಗಿಸುತ್ತಿದ್ದಳು. "ಬೈತಿದ್ದೆ," ಎಂದಳು.

"ನಾ ಹುಡಕಾಕ ಹೋದೆರಿ. ಹತ್ತಿ ಅರಳಿ ಎಲ್ಲಾ ಚೆಲ್ಲಿ ಹಳ್ಳದ ತುಂಬ ಬೆಳ್ಳಗ ಬಿದ್ದಿತ್ತು. ಅದರಾಗ ಕೈಹಾಕಿ ಹುಡಕಿದೆ, ಟ್ರಾಲಿ ಬುಡಕ ಹುಡಕಿದೆ. ಸಿಗಲಿಲ್ಲ. ಸಿಗಲಿಲ್ಲಾ ರಾಹೇಲ ಅಂತ ಒದರಿದೆ. ಆಕಿ ಏನೂ ಅನ್ನಲಿಲ್ಲ. ತಿರುಗಿ ಬಂದು ನೋಡಿದ್ರ…" ಅವನು ಕೈಯಲ್ಲಿದ್ದ ಬಿಳಿ ಕಾಯಿಯನ್ನು ಬದಿಗಿಟ್ಟ. ಆಮೇಲೆ, "ಆಕಿನ್ನ ಎತಿಗೊಂಡು ರಸ್ತಾಕ್ಕ ಓಡಬೇಕಾಗಿತ್ತರಿ ನಾ. ಚಪ್ಪಲ್ ಹುಡುಕಿಕೋತ ಕುಂತೆ. ಸರಳು ಹಾಕಿದ್ದು ತಪ್ಪು ಅಂತ ಎಲ್ಲಾರಿಗೂ ಹೇಳೀನಿ. ಇದನ್ನ ಯಾರಿಗೂ ಹೇಳಿಲ್ಲ. ಕಾಕಾ ಸಾಕ್ಷಿ ಹೇಳುವಾಗ ಕ್ಷಮಿಸೀನಿ ಅಂತಾರಲ್ರಿ, ಆವಾಗ ಪ್ರತಿ ಸಲ, ಇವರಿಗೆ ಇದು ಗೊತ್ತಿಲ್ಲ, ಇವರು ಕ್ಷಮಿಸಿದ್ದು ಬ್ಯಾರೇದು ಅಂತ ಅನಿಸತೈತಿ. ಈಗೂ ಆ ಹಳ್ಳ ದಾಟುವಾಗ ಕಣ್ಣು ಚಪ್ಪಲ್ ಹುಡಕತಾವರಿ ಚಿಗವ್ವ. ಐದು ಮಳಿಗಾಲ ಆದ್ವು. ಹುಡುಕಿದ್ರ ಸಿಗೂದಿಲ್ಲಂತ ಗೊತ್ತೈತಿ. ಆದ್ರೂ ಹುಡಕತಾವ."

ದೇವಕ್ಕ ಎದ್ದು ಒಳಗೆ ಹೋದಳು. ಅಟ್ಟದ ಮೇಲೆ ಏನನ್ನೋ ಸರಿಸುವ ಸದ್ದು ಕೇಳಿಸಿತು. ಬಂದವಳು ಒಂದು ಪ್ಲಾಸ್ಟಿಕ್ ಚೀಲವನ್ನು ಬಿಚ್ಚಿ, ಅದರೊಳಗಿನದನ್ನು ಗೋಣಿತಟ್ಟಿನ ಮೇಲೆ ಇಟ್ಟಳು. ಎಡಗಾಲಿನ ಒಂದು ಚಪ್ಪಲಿ. ಕಂದು ಬಣ್ಣದ ಪಟ್ಟಿ, ಬದಿಗೊಂದು ಸಣ್ಣ ಬಕಲು. ಅಡಿಯಲ್ಲಿ ಎರೆಮಣ್ಣು ಒಣಗಿ ಬಿರುಕುಬಿಟ್ಟಿತ್ತು.

"ಅರಳ್ಯಾಗ ಇತ್ತು," ಎಂದಳು. "ಆ ಅರಳಿ ತುಂಬಿಕೊಂಡು ಮನಿಗೆ ತಂದಿದ್ರಲ್ಲ, ವಾರ ಬಿಟ್ಟು ಬಿಚ್ಚಿದಾಗ ಸಿಕ್ತು. ನಾನ ತಗದಿಟ್ಟೆ."

ತಿಮೋತಿ ಅದನ್ನು ಮುಟ್ಟಲಿಲ್ಲ. ಬಾಗಿ ನೋಡಿದ. "ಇದ ಐತ್ರಿ," ಎಂದ. ಕಣ್ಣು ತುಂಬಿ ಬಂದು ಕೈ ಎತ್ತಿದ.

"ಕೈ ಕಣ್ಣಿಗೆ ಹಚ್ಚಬ್ಯಾಡ," ಎಂದಳು ದೇವಕ್ಕ. "ಖಾರ ಐತಿ."

ಅವನು ಕೈಗಳನ್ನು ಮೊಣಕಾಲ ಮೇಲೆ ಚಾಚಿಟ್ಟು ಹಾಗೇ ಅತ್ತ. ಒರೆಸಿಕೊಳ್ಳುವಂತಿರಲಿಲ್ಲ. ಅವಳ ಕೈಗಳೂ ಅಂಥವೇ. ಇಬ್ಬರೂ ಕೈಗಳನ್ನು ಮೈಯಿಂದ ದೂರ ಹಿಡಿದು, ನಡುವೆ ಆ ಚಪ್ಪಲಿ ಇಟ್ಟುಕೊಂಡು ಕುಳಿತರು. ಬಿಸಿಲು ಏರಿ ಮೆಣಸಿನಕಾಯಿಯ ಘಾಟು ಗಂಟಲಿಗೆ ಬರುತ್ತಿತ್ತು. ಒಮ್ಮೆ ಅವನು ಕೆಮ್ಮಿದ, ಒಮ್ಮೆ ಅವಳು.

"ಸಿಕ್ಕೈತಿ," ಎಂದಳು ಅವಳು. "ಇನ್ನ ಹುಡುಕಬ್ಯಾಡ."

ಅವನು ತಲೆಯಾಡಿಸಿದ.

"ನಾ ನಿನ್ನ ಕ್ಷಮಿಸೀನಿ ಅಂತ ಎಂದೂ ಅಂದಿಲ್ಲ. ನಿನಗ ಗೊತ್ತೈತಿ."

"ಗೊತ್ತೈತ್ರಿ. ನೀವು ಆ ಸಾಲಿಗೆ ಸುಮ್ಮನಾಗತೀರಿ."

ದೇವಕ್ಕ ಅವನನ್ನು ನೋಡಿದಳು. ಐದು ವರ್ಷ ಭಾನುವಾರಕ್ಕೊಮ್ಮೆ ಅವನು ಅವಳ ಮೌನವನ್ನು ಕೇಳುತ್ತ ಕುಳಿತಿದ್ದ. ಆ ಊರಿನಲ್ಲಿ ಅದನ್ನು ಕೇಳಿಸಿಕೊಂಡವನು ಅವನೊಬ್ಬನೇ.

"ಈಗೂ ಆ ಮಾತು ಬಾಯಿಗೆ ಬರವಲ್ದು," ಎಂದಳು. "ಬಂದಾಗ ಬರಲಿ. ಅದು ನನ್ನದೂ ದೇವರದೂ ಇರೂದು, ಅದಕ್ಕ ನೀ ಇಲ್ಲೆ ನಿಂತು ಕಾಯಬೇಕಾಗಿಲ್ಲ. ನೀ ಇಲ್ಲೆ ಇದ್ರೂ ಆಕಿ ತಿರುಗಿ ಬರೂದಿಲ್ಲ. ನೀ ದುಡದ್ರೂ ಬರೂದಿಲ್ಲ. ನಾಳೆ ಮುಂಜಾನೆ ಗುಡಗೇರಿಗೆ ಪ್ಯಾಸೆಂಜರ್ ರೈಲು ಬರತೈತಿ. ಹತ್ತಿಬಿಡು."

"ಕಾಕಾಗ ಏನಂತ ಹೇಳಲಿ?"

"ನಿನಗ್ಯಾಕ ಬೇಕು? ನಾ ಹೇಳತೀನಿ."

"ಬುಟ್ಟಿ?"

"ಬುಟ್ಟಿ ಏನು ಗುಡ್ಡ ಐತೇನೋ? ನಾ ಹೊರತೀನಿ."

ತಿಮೋತಿ ಮತ್ತೊಮ್ಮೆ ಚಪ್ಪಲಿಯ ಕಡೆ ನೋಡಿ, ಆರಿಸಿದ ಬಿಳಿ ಕಾಯಿಗಳನ್ನು ಮೊರಕ್ಕೆ ತುಂಬಿ ಎದ್ದ.

*

ಭಾನುವಾರ ಇಸಾಕಪ್ಪ ಬೆಳಕು ಹರಿಯುವುದರೊಳಗೇ ಮೈಕ್ ಕಟ್ಟಿಸಲು ಚರ್ಚಿಗೆ ಹೋದ. ದೇವಕ್ಕ ರೊಟ್ಟಿ ಬಡಿದು, ಬಟ್ಟೆಯಲ್ಲಿ ಕಟ್ಟಿ ತಿಮೋತಿಯ ಕೈಗೆ ಕೊಟ್ಟಳು. ಅವನು ತನ್ನ ಹಳೆಯ ನೀಲಿ ಅಂಗಿ ಹಾಕಿಕೊಂಡಿದ್ದ. ಬಾಗಿಲಲ್ಲಿ ಬಾಗಿ ಅವಳ ಕಾಲು ಮುಟ್ಟಲು ಹೋದ. ಅವಳು ಹಿಂದೆ ಸರಿದು, "ಗಾಡಿ ತಪ್ಪತೈತಿ, ಹೋಗು" ಎಂದಳು. ಓಣಿ ತಿರುಗುವ ಮುನ್ನ ಅವನು ಒಮ್ಮೆ ಹಿಂತಿರುಗಿ ನೋಡಿದ. ಗುಡಗೇರಿಗೆ ಹೋಗಲು ಹಳ್ಳ ದಾಟಿಯೇ ಹೋಗಬೇಕು. ಅಲ್ಲಿ ಅವನು ನಿಂತನೋ, ನೋಡದೆ ದಾಟಿದನೋ ಅವಳಿಗೆ ಗೊತ್ತಾಗುವಂತಿರಲಿಲ್ಲ.

ಮಿಂದು ಸೀರೆ ಉಟ್ಟು, ಬುಟ್ಟಿಯನ್ನು ತಲೆಯ ಮೇಲೆ ಇಟ್ಟುಕೊಂಡು ಚರ್ಚಿಗೆ ಬಂದಳು. ಬಾಗಿಲ ಮುಂದೆ ಮಂದಿ ತಮ್ಮ ತಮ್ಮ ಬುಟ್ಟಿ, ಕುಂಬಳಕಾಯಿ, ಕಾಲು ಕಟ್ಟಿದ ಕೋಳಿಗಳನ್ನು ಹಿಡಿದು ಸಾಲಾಗಿ ನಿಂತಿದ್ದರು. ಎಲ್ಲರ ಮುಂದೆ ಇಸಾಕಪ್ಪ ಶುಭ್ರ ಧೋತರದಲ್ಲಿ ನಿಂತು ಓಣಿಯ ಕಡೆ ನೋಡುತ್ತಿದ್ದ.

"ತಿಮ್ಯಾ ಎಲ್ಲೆ?"

"ಹೋದ."

"ಎಲ್ಲೆ ಹೋದ? ಅಯ್ಯನವರು ಒಳಗ ಕಾಯಾಕತ್ತಾರ."

"ಅಳ್ನಾವರಕ್ಕ ಹೋದ. ನಾನ ಕಳಿಸಿದೆ."

ಇಸಾಕಪ್ಪ ಅವಳ ಮುಖವನ್ನೇ ನೋಡಿದ. ಸಾಲಿನಲ್ಲಿದ್ದವರಿಗೆ ಕೇಳಿಸದಂತೆ ದನಿ ಇಳಿಸಿ, "ನನ್ನನ್ನ ಕೇಳಿದ್ಯಾ?" ಎಂದ.

"ಇಲ್ಲ."

"ಇಷ್ಟು ವರ್ಷ ನಾ ಅವನ್ನ ಮಗನಂಗ ನೋಡೀನಿ. ಮಂದಿ ಮುಂದ ನನ್ನ ಮರ್ಯಾದಿ ಏನಾತು?"

"ನೀವು ಅವನ್ನ ಕ್ಷಮಿಸೀನಿ ಅಂದಿದ್ರಿ," ಎಂದಳು ದೇವಕ್ಕ. "ಕ್ಷಮಿಸಿದ ಮ್ಯಾಲೆ ಅವ ಹೋಗಾಕ ಯಾರನ್ನ ಕೇಳಬೇಕ್ರಿ?"

ಒಳಗೆ ಹಾರ್ಮೋನಿಯಂ ಶುರುವಾಯಿತು. ಹಿಂದಿನಿಂದ ಯಾರದೋ ಕೋಳಿ ಕೊಕ್ಕೊಕ್ ಎಂದಿತು, ಯಾರೋ ಸೀನಿದರು. ದೇವಕ್ಕ ಬುಟ್ಟಿಯನ್ನು ತಲೆಯಿಂದ ಇಳಿಸಿ ಒಂದು ಹಿಡಿಕೆ ಹಿಡಿದುಕೊಂಡು ನಿಂತಳು. ಹೊಸ ಹುರಿ ಅಂಗೈಗೆ ಒರಟಾಗಿತ್ತು. ಇಸಾಕಪ್ಪ ಒಮ್ಮೆ ಸಾಲಿನ ಕಡೆ ನೋಡಿ ಇನ್ನೊಂದು ಹಿಡಿಕೆ ಹಿಡಿದ. ಇಬ್ಬರೂ ಒಳಗೆ ಹೋದರು. ಅವನ ನಡಿಗೆ ಉದ್ದ, ಅವಳದು ಗಿಡ್ಡ. ಬುಟ್ಟಿ ಓರೆಯಾಗಿ ಒಂದೆರಡು ಮೆಣಸಿನಕಾಯಿ ಕೆಳಗೆ ಬಿದ್ದವು.

ಸಾಕ್ಷಿಗೆ ಅಯ್ಯನವರು ಹೆಸರು ಕರೆದರು. ಇಸಾಕಪ್ಪ ಮೈಕಿನ ಮುಂದೆ ನಿಂತು, "ದೇವರ ಕೃಪೆಯಿಂದ, ಐದು ವರ್ಷದ ಹಿಂದ…" ಎಂದು ಶುರುಮಾಡಿದ. ಹೆಗಲ ಮೇಲೆ ಕೈ ಇಡುವ ಮಾತು ಬಂದಾಗ ಅವನ ಬಲಗೈ ತಾನಾಗಿ ಮೇಲೆದ್ದಿತು. ಬಾಜೂಕೆ ಯಾರೂ ಇರಲಿಲ್ಲ. ಕೈ ಅಲ್ಲೇ ನಿಂತಿತು. ಅವನು ಅದನ್ನು ನೋಡಿ, ನಿಧಾನವಾಗಿ ಕೆಳಗೆ ತಂದು ಮೈಕಿನ ಕೋಲು ಹಿಡಿದುಕೊಂಡ.

"ನನ್ನ ಮಗಳ ಹೆಸರು ರಾಹೇಲ," ಎಂದ.

ಐದು ವರ್ಷದ ಸಾಕ್ಷಿಗಳಲ್ಲಿ ಅವನು 'ನನ್ನ ಮಗಳು' ಎನ್ನುತ್ತಿದ್ದ; ಹೆಸರು ಬಂದಿರಲಿಲ್ಲ. ಮಂದಿ ಕಾದರು. ಮೈಕಿನೊಳಗಿಂದ ಅವನ ಉಸಿರಷ್ಟೇ ಕೇಳಿಸುತ್ತಿತ್ತು. ತಿಮೋತಿ ಪಕ್ಕದಲ್ಲಿ ನಿಂತಾಗ ಇಸಾಕಪ್ಪ ಕ್ಷಮಿಸಿದವನು. ಈಗ ಸತ್ತ ಮಗಳ ಅಪ್ಪನಷ್ಟೇ, ಬೇರೇನೂ ಅಲ್ಲ. ದೇವಕ್ಕನಿಗೆ ಅದು ಅವಳು ಕುಳಿತಲ್ಲಿಂದಲೇ ಕಂಡಿತು. ಎದ್ದು ಹೋಗಿ ಕೈಹಿಡಿದು ತರಬೇಕು ಅನ್ನಿಸಿತು, ಹೋಗಲಿಲ್ಲ. ಕೊನೆಗೆ ಅವನೇ ಬಂದು ಬೆಂಚಿನ ಮೇಲೆ ಕುಳಿತ. ಅಯ್ಯನವರು ಸ್ವಲ್ಪ ತಡೆದು, ಎಲ್ಲರೂ ಎದ್ದು ಕರ್ತನು ಕಲಿಸಿದ ಪ್ರಾರ್ಥನೆ ಹೇಳೋಣ ಎಂದರು.

ಕ್ಷಮೆಯ ಸಾಲು ಬಂತು. ಇಸಾಕಪ್ಪನ ದನಿ ಕೇಳಲಿಲ್ಲ. ಆ ಎತ್ತರದ ದನಿ ಇಲ್ಲದ್ದರಿಂದ ಉಳಿದವರ ದನಿಗಳು ಒಂದೊಂದಾಗಿ ಬೇರೆ ಬೇರೆ ಕೇಳಿಸಿದವು. ದೇವಕ್ಕನ ಬಾಯಿ ತೆರೆಯಿತು. ಸಾಲಿನ ಅರ್ಧ ಹೇಳಿದಳು.

ಆರಾಧನೆ ಮುಗಿದ ಮೇಲೆ ಕಾಣಿಕೆಗಳ ಹರಾಜಿನಲ್ಲಿ ಅವರ ಬುಟ್ಟಿ ಎತ್ತಿದಾಗ ಯಾರೋ ಹಿಂದಿನಿಂದ, "ಈ ಸಲ ಬುಟ್ಟಿ ಜೋಡಿ ಸಾಕ್ಷಿ ಬಂದಿಲ್ಲ, ಒಂಚೂರು ಕಮ್ಮಿ ಮಾಡ್ರಿ" ಎಂದು ಕೂಗಿದರು. ಮಂದಿ ನಕ್ಕರು. ಇಸಾಕಪ್ಪ ನಗಲಿಲ್ಲ, ಸಿಟ್ಟಾಗಲೂ ಇಲ್ಲ.

ಬಿಸಿಲಿನಲ್ಲಿ ಇಬ್ಬರೂ ಮನೆಗೆ ನಡೆದು ಬಂದರು. ಅವನು ಮುಂದೆ, ಅವಳು ನಾಲ್ಕು ಹೆಜ್ಜೆ ಹಿಂದೆ. ಓಣಿಯ ಅರ್ಧ ದಾರಿ ಬಂದಾಗ ಅವನು ನಿಂತು, ಅವಳು ಬಾಜೂಕೆ ಬರುವವರೆಗೆ ಕಾದ.

"ಆ ದಿನ ಆಕಿ ಏನರ ಅಂದಿದ್ದಳಂತೇನು?" ಎಂದು ಕೇಳಿದ. "ಅವ ನಿನಗ ಹೇಳಿದನೇನು?"

"ಹೇಳ್ಯಾನ. ಉಂಡ ಮ್ಯಾಲೆ ಹೇಳತೀನಿ."

ಅವನು ತಲೆಯಾಡಿಸಿ ಮತ್ತೆ ನಡೆದ. ಮನೆಯೊಳಗೆ ಬಂದಾಗ ಬಿಳಿ ಅಂಗಿ ಗೋಡೆಯ ಮೊಳೆಗೆ ಹಾಗೇ ಇತ್ತು, ಮಡಿಕೆ ಮುರಿದಿರಲಿಲ್ಲ. ಇಸಾಕಪ್ಪ ಅದನ್ನು ನೋಡುತ್ತ ಬಾಗಿಲಲ್ಲಿ ನಿಂತ.

"ರೊಟ್ಟಿ ಕಟ್ಟಿಕೊಟ್ಟಿಯೇನು ಅವಗ?"

"ಕೊಟ್ಟೀನಿ."

"ಪಲ್ಯಾ?"

"ಶೇಂಗಾ ಚಟ್ನಿ."

"ಮೊಸರು ಕೊಡಬೇಕಾಗಿತ್ತು," ಎಂದ ಇಸಾಕಪ್ಪ. "ಅವಗ ಮೊಸರಿಲ್ಲದ ಊಟ ಇಳಿಯೂದಿಲ್ಲ."

"ರೈಲಿನ್ಯಾಗ ಮೊಸರು ಚೆಲ್ಲತೈತ್ರಿ," ಎಂದು ದೇವಕ್ಕ ಕೈಕಾಲು ತೊಳೆಯಲು ಹಿತ್ತಲಿಗೆ ಹೋದಳು.